ಸಿವಿಲ್ ಇಂಜಿನಿಯರ್ ಸಂಬಳ ಯಾಕೆ ಮೇಲೇಳ್ತಿಲ್ಲ? ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ

"ಸಿವಿಲ್ ಓದಿದ್ರೆ ಸಂಬಳ ಇಲ್ಲ" ಅಂತಾನೂ ಕೇಳಿದೀವಿ, "ಕಟ್ಟೋ ಕೆಲಸ ಯಾವತ್ತೂ ನಿಲ್ಲಲ್ಲ" ಅಂತಾನೂ ಕೇಳಿದೀವಿ. ಎರಡೂ ನಿಜಾನೇ, ಅದಕ್ಕೇ ಈ ವಿಷಯ ಇಷ್ಟು ಗೋಜಲು.

ಫ್ರಾನ್ಸಲ್ಲಿ 1747ರಲ್ಲೇ ರಸ್ತೆ, ಸೇತುವೆ ಕಟ್ಟೋದನ್ನ ಕಲಿಸೋ ಶಾಲೆ ಶುರುವಾಯ್ತು, ಇಂಗ್ಲೆಂಡಲ್ಲಿ ಜಾನ್ ಸ್ಮೀಟನ್ ತಾನು ಸೈನ್ಯದ ಇಂಜಿನಿಯರ್ ಅಲ್ಲ, ಸಿವಿಲ್ ಇಂಜಿನಿಯರ್ ಅಂತ ಹೇಳ್ಕೊಂಡ, 1818ರಲ್ಲಿ ಲಂಡನ್ನಲ್ಲಿ ಇವರದ್ದೇ ಸಂಸ್ಥೆ ಹುಟ್ಟಿತು, ಆಮೇಲೆ ನೂರೈವತ್ತು ವರ್ಷ ರೈಲು, ಡ್ಯಾಮು, ಹೈವೇ ಅಂತ ಕೈತುಂಬಾ ಕೆಲಸ. ಡಿಸೈನ್ ಫೀಸು ಎಷ್ಟೋ ಕಡೆ ಕಟ್ಟೋ ಖರ್ಚಿನ ಇಂತಿಷ್ಟು ಪರ್ಸೆಂಟ್ ಅಂತ ಇರ್ತಿತ್ತು.

ದಿಕ್ಕು ಬದಲಾಗಿದ್ದು 1970ರ ದಶಕದಲ್ಲಿ. ಅಮೆರಿಕದ ಇಂಜಿನಿಯರ್ ಸಂಘಗಳಲ್ಲಿ, ಕೆಲಸ ಹಿಡಿಯೋಕೆ ಫೀಸ್ ಮೇಲೆ ಪೈಪೋಟಿ ಮಾಡಬಾರದು ಅಂತ ನಿಯಮ ಇತ್ತು. ರೇಟ್ ಕುಸಿದ್ರೆ ಕೆಲಸ ಕೆಡತ್ತೆ, ಜನರ ಜೀವಕ್ಕೆ ಅಪಾಯ ಅನ್ನೋದು ಅವರ ವಾದ. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ವಾದ ಒಪ್ಪಲಿಲ್ಲ, ಪೈಪೋಟಿ ತಡೆಯೋದು ಕಾನೂನುಬಾಹಿರ ಅಂತು. ಅದಕ್ಕೂ ಮುಂಚೆ 1972ರಲ್ಲಿ ಬ್ರೂಕ್ಸ್ ಕಾಯ್ದೆ ಬಂದಿತ್ತು, ಅಮೆರಿಕದ ಕೇಂದ್ರ ಸರ್ಕಾರದ ಕೆಲಸಕ್ಕೆ ಮೊದಲು ಯೋಗ್ಯತೆ ನೋಡಿ ಆರಿಸಿ, ರೇಟ್ ಆಮೇಲೆ ಮಾತಾಡಿ ಅಂತ. ಆದ್ರೆ ಅದು ಆ ಕೆಲಸಗಳಿಗೆ ಮಾತ್ರ. ಸಂಘಗಳೇ ಕೂತು ರೇಟ್ ಕಾಯೋದು ಸರಿ ಅಂತ ನಾನೂ ಹೇಳಲ್ಲ, ಆದ್ರೆ ಫೀಸ್ ಇಳಿದಾಗ ಮೊದಲು ಕತ್ತರಿ ಬೀಳೋದು ಇಂಜಿನಿಯರ್ ಕೂತು ಯೋಚನೆ ಮಾಡೋ ಗಂಟೆಗಳಿಗೆ. ಇಡೀ ಪ್ರಾಜೆಕ್ಟ್ ಖರ್ಚಲ್ಲಿ ಡಿಸೈನ್ ಪಾಲು ಸಣ್ಣದು, ಆದ್ರೆ ಎಷ್ಟು ಕಬ್ಬಿಣ, ಎಷ್ಟು ಕಾಂಕ್ರೀಟ್ ಅಂತ ನಿರ್ಧಾರ ಆಗೋದು ಅಲ್ಲೇ!

ಆಮೇಲೆ ಕಂಪ್ಯೂಟರ್ ಬಂತು. ಡ್ರಾಯಿಂಗ್ ಬೋರ್ಡ್ ಮುಂದೆ ಒಂದು ತಂಡ ವಾರಗಟ್ಟಲೆ ಮಾಡ್ತಿದ್ದ ಕೆಲಸಾನ ಒಬ್ಬರೇ ಮುಗಿಸೋ ಹಾಗಾಯ್ತು, ಆದ್ರೆ ಆ ಉಳಿತಾಯದ ದೊಡ್ಡ ಪಾಲು ಕಡಿಮೆ ರೇಟ್ ರೂಪದಲ್ಲಿ ಕ್ಲೈಂಟ್‌ಗೆ ಹೋಯ್ತು, ಜೊತೆಗೆ ರಿವಿಷನ್‌ಗಳೂ ಜಾಸ್ತಿ ಆದ್ವು. ಸಾಫ್ಟ್‌ವೇರ್ ಒಂದ್ಸಲ ಬರೆದ್ರೆ ಲಕ್ಷ ಜನಕ್ಕೆ ಮಾರಬಹುದು. ಸೇತುವೆ ಹಾಗಲ್ಲ, ಜಾಗ ಬದಲಾದ್ರೆ ಮಣ್ಣು, ನೀರಿನ ಹರಿವು, ಲೋಡ್ ಎಲ್ಲಾ ಬದಲಾಗತ್ತೆ, ಲೆಕ್ಕ ಮತ್ತೆ ಮೊದಲಿಂದ.

ಜವಾಬ್ದಾರಿ ಮಾತ್ರ ಕಡಿಮೆ ಆಗಲಿಲ್ಲ. 1981ರಲ್ಲಿ ಕ್ಯಾನ್ಸಸ್ ಸಿಟಿಯ ಹೋಟೆಲೊಂದರ ನೇತಾಡೋ ವಾಕ್‌ವೇ ಬಿದ್ದು 114 ಜನ ಸತ್ತರು. ರಾಡ್ ಜೋಡಿಸೋ ವಿಧಾನದಲ್ಲಿ ಆದ ಒಂದು ಬದಲಾವಣೆ ಲೋಡನ್ನ ಎರಡರಷ್ಟು ಮಾಡಿತ್ತು, ಅದನ್ನ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ಇಂಜಿನಿಯರ್‌ಗಳ ಲೈಸೆನ್ಸ್ ಹೋಯ್ತು. ಹೊಣೆ ನನ್ನದು ಅಂತ ಡ್ರಾಯಿಂಗ್ ಮೇಲೆ ಸೀಲ್ ಒತ್ತೋದು ಅಂದ್ರೆ ಇಷ್ಟು ಭಾರ, ಸಂಬಳ ಮಾತಾಡುವಾಗ ಈ ಭಾರಕ್ಕೆ ಬೆಲೆ ಕಟ್ಟೋದು ನಾನಂತೂ ಕಂಡಿಲ್ಲ.

2008ರ ಆರ್ಥಿಕ ಕುಸಿತದಲ್ಲಿ ಕಟ್ಟೋ ಕೆಲಸ ತುಂಬಾ ಕಡಿಮೆ ಆದಾಗ, ಆಗಷ್ಟೇ ಓದು ಮುಗಿಸಿದ್ದ ಎಷ್ಟೋ ಜನ ಬೇರೆ ಫೀಲ್ಡ್‌ಗೆ ಹೋದ್ರು, ವಾಪಸ್ ಬರಲಿಲ್ಲ.

ಈಗಲೂ ಮೊದಲ ಕೆಲವು ವರ್ಷ ಕಷ್ಟ. ಆ ಸೀಲ್ ಒತ್ತೋ ಲೈಸೆನ್ಸ್ ಸಿಕ್ಕಿದ ಮೇಲೆ, ಇಲ್ಲಾ ಮಣ್ಣು, ನೀರು, ಸೇತುವೆ ಅಂತ ಒಂದರಲ್ಲಿ ಕೈ ಪಳಗಿದ ಮೇಲೆ ಸಂಬಳ ಏರತ್ತೆ. ಸೈಟ್ ಕಡೆ ದುಡ್ಡು ಸ್ವಲ್ಪ ಜಾಸ್ತಿ ಸಿಗಬಹುದು, ಆದ್ರೆ ಮನೆಗೆ ಹೋಗೋ ಹೊತ್ತು ನಮ್ಮ ಕೈಲಿರಲ್ಲ. ಇಂಟರ್‌ವ್ಯೂಗೆ ಹೋಗೋರು ಸಂಬಳದ ಜೊತೆ ಇದನ್ನೂ ಕೇಳಿ, ನಿಮ್ಮ ಕಂಪನಿಗೆ ಕೆಲಸ ಬರೋದು ಬರೀ ರೇಟ್ ಮೇಲಾ, ಅನುಭವ ನೋಡಿನಾ ಅಂತ.