ಸೇತುವೆ ಬಾಗಿದ್ದು ಸುಮ್ನೆ ಅಲ್ಲ

ಇಂಗ್ಲೆಂಡಿನ ಟೈನ್ ನದಿಯ ಒಂದು ದಡದಲ್ಲಿ ನ್ಯೂಕ್ಯಾಸಲ್, ಇನ್ನೊಂದರಲ್ಲಿ ಗೇಟ್ಸ್‌ಹೆಡ್. ಸರಕು ಸಾಗಣೆ, ಕಾರ್ಖಾನೆಗಳ ಕಾಲ ಮುಗಿದ ಮೇಲೆ ಈ ದಡಗಳು ಕಳೆಗುಂದಿದ್ದವು. ಜನ ಮತ್ತೆ ಅಲ್ಲಿಗೆ ಬರಬೇಕಾದರೆ ನಡೆದೋ ಸೈಕಲ್ ತುಳಿದೋ ನದಿ ದಾಟುವಂತಿರಬೇಕು. ಆದರೆ ಹಡಗುಗಳಿಗೂ ದಾರಿ ಬಿಡಬೇಕು. ಅದಕ್ಕೆ ನೀರಿನಿಂದ 25 ಮೀಟರ್ ಎತ್ತರದ ಜಾಗ ಬೇಕು.

ಸೇತುವೆಯನ್ನೇ ಅಷ್ಟು ಎತ್ತರದಲ್ಲಿ ಕಟ್ಟಿದರೆ ಆಗದೇ? ಲೆಕ್ಕ ಹಾಕಿ ನೋಡಿ. 20 ಮೀಟರ್ ಸಾಗಿದಾಗ 1 ಮೀಟರ್ ಏರುವ ದಾರಿಯಾದರೆ ಗಾಲಿಕುರ್ಚಿಯವರಿಗೂ ಸೈಕಲ್‌ನವರಿಗೂ ಹಿತ. ಆ ಲೆಕ್ಕದಲ್ಲಿ, ದಡದಿಂದ 20 ಮೀಟರ್ ಮಾತ್ರ ಏರಬೇಕು ಅಂದುಕೊಂಡರೂ 400 ಮೀಟರ್ ದಾರಿ ಬೇಕು. ದಾಟಬೇಕಾದ ದೂರವೋ, ಸುಮಾರು 105 ಮೀಟರ್ ಅಷ್ಟೇ!

2001ರಲ್ಲಿ ತೆರೆದ ಗೇಟ್ಸ್‌ಹೆಡ್ ಮಿಲೇನಿಯಂ ಸೇತುವೆಯ ಚೆಲುವು ಹುಟ್ಟಿದ್ದು ಈ ಇಕ್ಕಟ್ಟಿನಿಂದ. ನಡೆಯುವ ದಾರಿ ಬಿಲ್ಲಿನಂತೆ ಒಂದು ಬದಿಗೆ ಬಾಗಿದೆ. ಬಾಗಿದ್ದರಿಂದ ದಾರಿ ಉದ್ದವಾಯಿತು, ಏರು ಹಗುರವಾಯಿತು. ಇನ್ನೊಂದು ಬದಿಯಲ್ಲಿ ಉಕ್ಕಿನ ಕಮಾನು, ನಡುವೆ ಕೇಬಲ್‌ಗಳು. ಹಡಗು ಬಂದಾಗ ಇಡೀ ಸೇತುವೆ 40 ಡಿಗ್ರಿ ಹೊರಳುತ್ತದೆ. ಕಮಾನು ಕೆಳಗಿಳಿದಂತೆ ದಾರಿ ಮೇಲೇಳುತ್ತದೆ, ಥೇಟ್ ತಕ್ಕಡಿಯ ಎರಡು ತಟ್ಟೆಗಳ ಹಾಗೆ. ಒಂದರ ಭಾರ ಇನ್ನೊಂದಕ್ಕೆ ಆಸರೆ. ಹಾಗಾಗಿ 850 ಟನ್‌ಗೂ ಜಾಸ್ತಿ ತೂಕವಿದ್ದರೂ ಮೋಟಾರುಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಹೊರಳಿಸುತ್ತವೆ. ದೂರದಿಂದ ನೋಡಿದರೆ ಕಣ್ಣು ಮಿಟುಕಿಸಿದಂತೆ ಕಾಣುತ್ತದೆ. ಹೊರಳುವಾಗ ದಾರಿಯ ಮೇಲಿನ ಕಸ ಉರುಳಿ ಬುಟ್ಟಿಗೆ ಬೀಳುವಂತೆಯೂ ಮಾಡಿದ್ದಾರೆ. ಈ ಜಾಣತನ ನನಗೆ ತುಂಬಾ ಇಷ್ಟ.

ತೆಳ್ಳಗೆ, ಚೆಂದಗೆ ಕಟ್ಟಿದರಷ್ಟೇ ಸಾಲದು. ಕಾಲುಗಳ ಲೆಕ್ಕವೂ ಬೇಕು. ಲಂಡನ್ನಿನ ಮಿಲೇನಿಯಂ ಕಾಲ್ಸೇತುವೆ 2000ದ ಜೂನ್ 10ರಂದು ತೆರೆಯಿತು, ಅಂದೇ ಅಕ್ಕಪಕ್ಕಕ್ಕೆ ತೂಗಾಡಿತು. ನಾವು ನಡೆಯುವಾಗ ನೆಲವನ್ನು ಕೆಳಕ್ಕೆ ಮಾತ್ರ ತಳ್ಳುವುದಿಲ್ಲ. ಎಡಗಾಲಿಟ್ಟಾಗ ಒಂದು ಕಡೆಗೆ, ಬಲಗಾಲಿಟ್ಟಾಗ ಇನ್ನೊಂದು ಕಡೆಗೆ ಸ್ವಲ್ಪ ತಳ್ಳುತ್ತೇವೆ. ಸೇತುವೆ ತುಸು ಅಲುಗಿದರೆ ಬೀಳದಿರಲು ಕಾಲು ಅಗಲಿಸಿ, ಆ ಅಲುಗಾಟಕ್ಕೇ ಹೊಂದಿಕೊಂಡು ಹೆಜ್ಜೆ ಹಾಕುತ್ತೇವೆ. ಅದರಿಂದ ತೂಗಾಟ ಇನ್ನೂ ಹೆಚ್ಚುತ್ತದೆ. ಯಾರೂ ಬೇಕೆಂದು ಮಾಡುವುದಲ್ಲ, ಅಲ್ವಾ? ಎರಡೇ ದಿನಕ್ಕೆ ಸೇತುವೆ ಮುಚ್ಚಿದರು. ಬೈಕಿನ ಶಾಕ್ ಅಬ್ಸಾರ್ಬರ್‌ನಂತೆ ಅಲುಗಾಟವನ್ನು ಹೀರಿಕೊಳ್ಳುವ ಡ್ಯಾಂಪರ್‌ಗಳನ್ನು ಕೂರಿಸಿದರು. ಜನ ಮತ್ತೆ ಅದರ ಮೇಲೆ ನಡೆದದ್ದು 2002ರಲ್ಲಿ.