ಕಾಣದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು

ಕಡಲಲ್ಲಿ ಡಾಲ್ಫಿನ್‌ಗಳ ಸಮೀಕ್ಷೆ ಮುಗಿಸಿ ದಡಕ್ಕೆ ಕಾಲಿಟ್ಟ ಕೂಡಲೇ ಎಲ್ಲರದೂ ಒಂದೇ ಪ್ರಶ್ನೆ: ‘ಎಷ್ಟಿವೆ?’ ಎಷ್ಟು ಕಂಡವು ಅಂತ ಕೇಳಿದರೆ ನಿಂತಲ್ಲೇ ಹೇಳಬಲ್ಲೆ. ಎಷ್ಟಿವೆ ಅನ್ನುವುದಕ್ಕೆ ತಿಂಗಳುಗಟ್ಟಲೆ ಲೆಕ್ಕ ಹಾಕಬೇಕು. ಹಾಕಿದ ಮೇಲೂ ನನ್ನ ಬಾಯಿಂದ ಬರುವುದು ‘ಇನ್ನೂರರಿಂದ ಐನೂರರ ನಡುವೆ’ ಎಂಬಂಥ ಮಾತು. ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟು ಡೀಸೆಲ್ ಸುಟ್ಟು, ಇಷ್ಟು ಜನ ಬಿಸಿಲಲ್ಲಿ ಒಣಗಿ, ಕೊನೆಗೆ ಇಷ್ಟೇನಾ ಎಂಬ ಭಾವ. ನನ್ನನ್ನು ಕೇಳಿದರೆ ಇಡೀ ವರದಿಯಲ್ಲಿ ಅತ್ಯಂತ ಪ್ರಾಮಾಣಿಕವಾದ ಸಾಲು ಅದೇ.

ಕೆಲಸ ನಡೆಯುವ ರೀತಿ ಹೇಳುತ್ತೇನೆ. ಹಡಗು ಮೊದಲೇ ನಕ್ಷೆಯ ಮೇಲೆ ಎಳೆದ ಗೆರೆಗಳ ಮೇಲೆ ಸುಮಾರು 10 ನಾಟ್ (ಗಂಟೆಗೆ ಸುಮಾರು 18 ಕಿಲೋಮೀಟರ್) ವೇಗದಲ್ಲಿ ಸಾಗುತ್ತದೆ. ಡಾಲ್ಫಿನ್ ಹೆಚ್ಚಿರುವ ಜಾಗ ಗೊತ್ತಿದ್ದರೂ ಅತ್ತ ತಿರುಗುವ ಹಾಗಿಲ್ಲ. ಮೇಲಿನ ಅಟ್ಟದಲ್ಲಿ ಇಬ್ಬರು, ಎಡಕ್ಕೊಬ್ಬರು, ಬಲಕ್ಕೊಬ್ಬರು. ಅವರ ಮುಂದೆ ಕೋನಮಾಪಕದ ಗುರುತುಗಳಿರುವ ಒಂದು ಹಲಗೆ, ಅದರ ಮೇಲೆ ತಿರುಗುವ ಮುಳ್ಳು. ಬೆನ್ನಿನ ರೆಕ್ಕೆ ಕಂಡ ಕ್ಷಣ ಮುಳ್ಳನ್ನು ಅತ್ತ ತಿರುಗಿಸಿ ಕೋನ ಓದಬೇಕು. ಬೈನಾಕ್ಯುಲರ್ ಒಳಗಿನ ಗೆರೆಗಳಲ್ಲಿ ಪ್ರಾಣಿ ದಿಗಂತದಿಂದ ಎಷ್ಟು ಗೆರೆ ಕೆಳಗಿದೆ ಎಂದು ನೋಡಿ ದೂರ ಲೆಕ್ಕ ಹಿಡಿಯಬೇಕು. ಗುಂಪಿನಲ್ಲಿ ಎಷ್ಟು, ಮರಿ ಇದೆಯೇ, ಯಾವ ದಿಕ್ಕಿಗೆ ಹೊರಟಿವೆ ಎಂಬುದನ್ನೆಲ್ಲ ಕೂಗಿ ಹೇಳಬೇಕು. ಅಷ್ಟರಲ್ಲಿ ಅವು ಮುಳುಗಿಯಾಗಿರುತ್ತದೆ. ಅರ್ಧ ಗಂಟೆಗೊಮ್ಮೆ ಜಾಗ ಬದಲಾಯಿಸುತ್ತೇವೆ, ಏಕೆಂದರೆ ಕಣ್ಣು ಸೋತರೆ ಕಡಲಲ್ಲಿ ಡಾಲ್ಫಿನ್‌ಗಳೂ ಕಡಿಮೆಯಾಗಿಬಿಡುತ್ತವೆ. ಗಾಳಿಯೂ ಹಾಗೆಯೇ. ಡಾಲ್ಫಿನ್ನಿನ ಬಳಗದ, ಸಣ್ಣ ಗಾತ್ರದ, ಗಿಡ್ಡ ರೆಕ್ಕೆಯ ಪೋರ್ಪಸ್‌ಗಳನ್ನು ಎಣಿಸುವಾಗ ಗಾಳಿಯ ಜೋರನ್ನು ಅಳೆಯುವ ಬೊಫೋರ್ಟ್ ಮಾಪನದಲ್ಲಿ ಕಡಲು 2 ದಾಟಿದರೆ ಕೆಲಸ ನಿಲ್ಲಿಸುವುದು ರೂಢಿ. ಬಿಳಿ ನೊರೆ ಎದ್ದ ಮೇಲೆ ನೋಡುವುದೂ ಒಂದೇ, ನೋಡದಿರುವುದೂ ಒಂದೇ.

ಕೋನ ಮತ್ತು ದೂರ ಸಿಕ್ಕರೆ ಹಡಗಿನ ಗೆರೆಯಿಂದ ಪ್ರಾಣಿ ಎಷ್ಟು ಅಡ್ಡ ದೂರದಲ್ಲಿತ್ತು ಎಂದು ತಿಳಿಯುತ್ತದೆ. ಗೆರೆಯ ಹತ್ತಿರ ಹೆಚ್ಚು ಕಾಣುತ್ತವೆ, ದೂರ ಹೋದಂತೆ ಕಡಿಮೆ ಕಾಣುತ್ತವೆ. ದೂರದಲ್ಲಿ ಪ್ರಾಣಿಗಳು ಕಡಿಮೆಯಿವೆ ಎಂದು ಇದರರ್ಥವಲ್ಲ, ನಮಗೆ ತಪ್ಪಿಹೋದವು ಹೆಚ್ಚಿವೆ ಎಂದು. ಆ ಇಳಿಕೆಯ ರೇಖೆಯಿಂದಲೇ ತಪ್ಪಿಹೋದವು ಎಷ್ಟು ಎಂದು ಅಂದಾಜಿಸುತ್ತೇವೆ. ಈ ಲೆಕ್ಕ ನಿಂತಿರುವುದು ಗೆರೆಯ ಮೇಲಿದ್ದದ್ದು ಒಂದೂ ತಪ್ಪಿಲ್ಲ ಎಂಬ ನಂಬಿಕೆಯ ಮೇಲೆ. ನಿಜಕ್ಕೂ ಹಾಗಿರುವುದಿಲ್ಲ, ಹಡಗಿನ ಮೂಗಿನ ನೇರಕ್ಕೇ ಮುಳುಗಿರುವ ಪ್ರಾಣಿ ಯಾರಿಗೂ ಕಾಣದು. ಹಾಗಾಗಿ ಒಂದೇ ಹಡಗಿನಲ್ಲಿ ಒಬ್ಬರಿಗೊಬ್ಬರು ಕಾಣದಂತೆ ಎರಡು ತಂಡಗಳನ್ನು ಕೂರಿಸುತ್ತೇವೆ. ಮೇಲಿನ ತಂಡ ಗುರುತಿಸಿದ 20 ಗುಂಪುಗಳಲ್ಲಿ ಕೆಳಗಿನ ತಂಡಕ್ಕೆ 12 ಮಾತ್ರ ಕಂಡಿದ್ದರೆ, ಕೆಳಗಿನವರು ನೂರಕ್ಕೆ ನಲವತ್ತನ್ನು ಬಿಟ್ಟಿದ್ದಾರೆ ಎಂದಾಯಿತು. ಇದರ ಜೊತೆಗೆ ಪ್ರಾಣಿಗಳ ಸ್ವಭಾವವೂ ಕಾಟ ಕೊಡುತ್ತದೆ. ಕೆಲವು ಡಾಲ್ಫಿನ್‌ಗಳು ಹಡಗಿನ ಮುಂದಿನ ಅಲೆಯ ಮೇಲೆ ಸವಾರಿ ಮಾಡಲು ಓಡಿ ಬಂದು ನಮ್ಮ ಅಂಕಿಯನ್ನು ಉಬ್ಬಿಸುತ್ತವೆ. ಪೋರ್ಪಸ್‌ಗಳು ಹೆಚ್ಚಾಗಿ ಎಂಜಿನ್ ಸದ್ದಿಗೆ ಸರಿದುಹೋಗಿ ಅಂಕಿಯನ್ನು ತಗ್ಗಿಸುತ್ತವೆ.

ದಡಕ್ಕೆ ಅಂಟಿಕೊಂಡಿರುವ ಸಣ್ಣ ಗುಂಪುಗಳಿಗೆ ನನಗೆ ಫೋಟೊ ಹೆಚ್ಚು ಇಷ್ಟ. ಡಾಲ್ಫಿನ್ ಬೆನ್ನುರೆಕ್ಕೆಯ ಹಿಂದಿನ ಅಂಚಿನಲ್ಲಿ ಕಚ್ಚು, ಸೀಳು, ಹರಕು ಇರುತ್ತವೆ. ಒಂದರಂತೆ ಇನ್ನೊಂದಿಲ್ಲ. ಮೊದಲ ಸುತ್ತಿನಲ್ಲಿ 60 ಪ್ರಾಣಿಗಳನ್ನು ಗುರುತಿಸಿದೆವು, ಎರಡನೇ ಸುತ್ತಿನಲ್ಲಿ 50, ಅವುಗಳಲ್ಲಿ 20 ಮೊದಲೇ ಕಂಡವು ಎಂದಿಟ್ಟುಕೊಳ್ಳಿ. ಅರವತ್ತನ್ನು ಐವತ್ತರಿಂದ ಗುಣಿಸಿ ಇಪ್ಪತ್ತರಿಂದ ಭಾಗಿಸಿದರೆ ಅಂದಾಜು 150. ಇನ್ನು ತಪ್ಪು ಎಲ್ಲಿ ನುಸುಳುತ್ತದೆ ನೋಡಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ರೆಕ್ಕೆಯ ತುದಿ ಹೊಸದಾಗಿ ಹರಿದಿದ್ದ ಹಳೆಯ ಪ್ರಾಣಿಯೊಂದಕ್ಕೆ ಹೊಸ ನಂಬರು ಕೊಟ್ಟುಬಿಟ್ಟಿದ್ದೆ. ಬುಡದ ಹತ್ತಿರದ ಎರಡು ಹಳೆಯ ಕಚ್ಚುಗಳು ಅಲ್ಲೇ ಇದ್ದವು, ನಾನು ನೋಡಿದ್ದು ತುದಿಯನ್ನು ಮಾತ್ರ. ಮೇಲಿನ ಲೆಕ್ಕದಲ್ಲಿ ಹೀಗೆ ಐದು ಹೊಂದಿಕೆಗಳು ಕೈತಪ್ಪಿದರೆ 20 ಹೋಗಿ 15 ಆಗುತ್ತದೆ, 150 ಇದ್ದದ್ದು 200 ಆಗುತ್ತದೆ. ಕಂಪ್ಯೂಟರ್ ಮುಂದೆ ಕೂತ ಒಬ್ಬರ ನಿದ್ದೆಗಣ್ಣು ಕಡಲಿಗೆ ಐವತ್ತು ಡಾಲ್ಫಿನ್ ಸೇರಿಸಿಬಿಡುತ್ತದೆ! ಅಂದಿನಿಂದ ಪ್ರತಿ ರೆಕ್ಕೆಯನ್ನೂ ಇಬ್ಬರು ಬೇರೆ ಬೇರೆಯಾಗಿ ಹೊಂದಿಸುತ್ತೇವೆ. ಈಗ ಇದಕ್ಕೆ ತಂತ್ರಾಂಶ ಬಂದಿದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಆದರೆ ಮಸುಕು ಫೋಟೊ ಕೊಟ್ಟರೆ ಅದೂ ನನ್ನ ಹಾಗೆಯೇ ಎಡವುತ್ತದೆ.

ಕಣ್ಣಿಗೆ ಎಟುಕದ ಕಡೆ ಕಿವಿ ಇಡಬಹುದು. ಮೆಕ್ಸಿಕೋದ ಕ್ಯಾಲಿಫೋರ್ನಿಯಾ ಕೊಲ್ಲಿಯ ವಕೀಟಾ ಪೋರ್ಪಸ್ 1997ರ ಸಮೀಕ್ಷೆಯಲ್ಲಿ ಸುಮಾರು 567 ಇತ್ತು, 2008ರಲ್ಲಿ ಸುಮಾರು 245. ಸಂಖ್ಯೆ ಇನ್ನೂ ಇಳಿದ ಮೇಲೆ ಹಡಗಿನಿಂದ ನೋಡಿ ವರ್ಷವರ್ಷದ ಬದಲಾವಣೆ ಹಿಡಿಯುವುದು ಆಗದ ಮಾತು. ಆಗ ನೀರಿನಡಿ ಧ್ವನಿಗ್ರಾಹಕಗಳ ಜಾಲ ಹರಡಿ ಅವುಗಳ ಟಿಕ್‌ಟಿಕ್ ಸದ್ದನ್ನು ಎಣಿಸಿದರು. 2011ರಿಂದ 2015ರ ನಡುವೆ ವರ್ಷಕ್ಕೆ ಸುಮಾರು 34 ಶೇಕಡಾ ಕುಸಿತ ಗೊತ್ತಾದದ್ದು ಹಾಗೆ. ಈಗ ಉಳಿದಿರುವುದು ಹತ್ತರ ಆಸುಪಾಸು. ಅವನ್ನು ಯಾರೂ ಬೇಟೆಯಾಡಲಿಲ್ಲ. ಗಾಳಿಚೀಲಕ್ಕೆ ಭಾರೀ ಬೆಲೆಯಿರುವ ಟೊಟೊಆಬಾ ಮೀನಿಗೆ ಗೋಡೆಯಂತೆ ಒಡ್ಡಿದ ಗಿಲ್‌ನೆಟ್‌ಗೆ ಸಿಕ್ಕಿ, ಮೇಲೆ ಬಂದು ಉಸಿರು ತೆಗೆದುಕೊಳ್ಳಲಾಗದೆ ಸತ್ತವು.

ಇದಕ್ಕೆ ತಿರುಗುಮುರುಗಾದ ಪಾಠವೂ ಇದೆ. ಯುರೋಪಿನ ಉತ್ತರ ಸಮುದ್ರದಲ್ಲಿ 1994 ಮತ್ತು 2005ರಲ್ಲಿ ದೊಡ್ಡ ಸಮೀಕ್ಷೆಗಳು ನಡೆದವು. ವಾಯವ್ಯ ಭಾಗವನ್ನಷ್ಟೇ ನೋಡಿದವರಿಗೆ ಪೋರ್ಪಸ್‌ಗಳು ನಾಶವಾಗುತ್ತಿವೆ ಎನಿಸುತ್ತಿತ್ತು, ದಕ್ಷಿಣ ಭಾಗ ನೋಡಿದವರಿಗೆ ತುಂಬಿ ತುಳುಕುತ್ತಿವೆ ಎಂದು. ಒಟ್ಟು ಸಂಖ್ಯೆ ಹೆಚ್ಚು ಬದಲಾಗಿರಲಿಲ್ಲ, ಪ್ರಾಣಿಗಳು ದಕ್ಷಿಣಕ್ಕೆ ಸರಿದಿದ್ದವು. ಒಂದು ಕೊಲ್ಲಿ, ಒಂದು ಋತು ನೋಡಿ ‘ಡಾಲ್ಫಿನ್‌ಗಳು ಮರಳಿ ಬಂದವು’ ಎಂಬ ಸುದ್ದಿ ಓದಿದಾಗಲೆಲ್ಲ ನನಗೆ ಈ ಸಮೀಕ್ಷೆಗಳು ನೆನಪಾಗುತ್ತವೆ.

‘ಇನ್ನೂರರಿಂದ ಐನೂರು’ ಎಂಬ ಅಂತರಕ್ಕೆ ಬೆಲೆ ಬರುವುದು ಮುಂದಿನ ಹೆಜ್ಜೆಯಲ್ಲಿ. ಅಮೆರಿಕದಲ್ಲಿ 1994ರಿಂದ ಕಡಲ ಸಸ್ತನಿ ಕಾನೂನಿನ ಭಾಗವಾಗಿರುವ, ಮನುಷ್ಯನಿಂದಾಗುವ ಸಾವಿಗೆ ಮಿತಿ ಹಾಕುವ ಒಂದು ಸೂತ್ರವಿದೆ. ಸಂಖ್ಯೆಯ ಅಂದಾಜಿನಲ್ಲಿ ಮಧ್ಯದ ಅಂಕಿಯನ್ನು ಬಿಟ್ಟು ಕೆಳತುದಿಯ ಕಡೆಯದನ್ನು ಹಿಡಿಯಬೇಕು. ಡಾಲ್ಫಿನ್, ತಿಮಿಂಗಿಲಗಳ ಸಂತತಿ ವರ್ಷಕ್ಕೆ ಹೆಚ್ಚೆಂದರೆ 4 ಶೇಕಡಾ ಬೆಳೆಯುತ್ತದೆ ಎಂದು ಇಟ್ಟುಕೊಂಡು ಅದರ ಅರ್ಧದಿಂದ ಗುಣಿಸಬೇಕು. ಮತ್ತೆ ಸಂತತಿಯ ಸ್ಥಿತಿ ನೋಡಿ 0.1ರಿಂದ 1ರವರೆಗಿನ ಒಂದು ಎಚ್ಚರಿಕೆಯ ಗುಣಕ. ಉದಾಹರಣೆಗೆ, ಕೆಳ ಅಂದಾಜು 400 ಇದ್ದು ಗುಣಕ 0.5 ಆದರೆ ಬರುವ ಉತ್ತರ 4. ಮನುಷ್ಯನಿಂದ ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಾಯಬಾರದು. ಗಣತಿ ಕಳಪೆಯಾಗಿದ್ದಷ್ಟೂ ಕೆಳ ಅಂದಾಜು ಕುಸಿಯುತ್ತದೆ, ಮಿತಿ ಬಿಗಿಯಾಗುತ್ತದೆ. ನಮಗೆ ಗೊತ್ತಿಲ್ಲದ್ದರ ಭಾರ ಪ್ರಾಣಿಯ ತಲೆಯ ಮೇಲೆ ಬೀಳದ ಹಾಗೆ ಮಾಡಿರುವುದೇ ಈ ಸೂತ್ರದ ಜಾಣತನ. ಇಂಥ ಮಿತಿ ಇಲ್ಲದ ಕಡೆ ‘ಇಳಿಕೆ ಸಾಬೀತಾಗಲಿ, ಆಮೇಲೆ ನೋಡೋಣ’ ಎನ್ನುತ್ತಾರೆ. ಅಮೆರಿಕದ ಸಮೀಕ್ಷೆಗಳನ್ನೇ ಪರಿಶೀಲಿಸಿದ 2007ರ ಅಧ್ಯಯನವೊಂದು ಕಂಡುಕೊಂಡಂತೆ, 15 ವರ್ಷಗಳಲ್ಲಿ ಅರ್ಧಕ್ಕರ್ಧ ಕುಸಿದರೂ ಡಾಲ್ಫಿನ್ ಮತ್ತು ಪೋರ್ಪಸ್‌ಗಳಲ್ಲಿ ಅಂಥ ಕುಸಿತಗಳ 78 ಶೇಕಡಾ ಗಮನಕ್ಕೇ ಬರುತ್ತಿರಲಿಲ್ಲ. ಸಾಬೀತಾಗುವ ಹೊತ್ತಿಗೆ ಉಳಿಸಲು ಏನೂ ಇರುವುದಿಲ್ಲ.

ನಾಲ್ಕು ಎಂಬ ಮಿತಿಯೇನೋ ಸಿಕ್ಕಿತು. ಸತ್ತದ್ದೆಷ್ಟು ಎಂದು ಎಣಿಸುವುದು ಹೇಗೆ? ದಡಕ್ಕೆ ಬಂದ ಹೆಣಗಳನ್ನು ಎಣಿಸಿದರಾಯಿತು ಎನಿಸಬಹುದು. ಮೆಕ್ಸಿಕೋ ಕೊಲ್ಲಿಯಲ್ಲಿ 2010ರಲ್ಲಿ ತೈಲ ಸೋರಿದ ನಂತರ ಹಳೆಯ ದಾಖಲೆಗಳನ್ನು ಜಾಲಾಡಿದಾಗ, ಅಲ್ಲಿ ಸತ್ತ ತಿಮಿಂಗಿಲ, ಡಾಲ್ಫಿನ್‌ಗಳಲ್ಲಿ ಸರಾಸರಿ 2 ಶೇಕಡಾ ಮಾತ್ರ ಹೆಣವಾಗಿ ಸಿಗುತ್ತವೆ ಎಂದು ತಿಳಿಯಿತು. ಈ ಪ್ರಮಾಣ ತೀರದಿಂದ ತೀರಕ್ಕೆ ಬೇರೆ. ಗಾಳಿ, ಪ್ರವಾಹ, ನೀರಿನ ಬಿಸಿ, ಶಾರ್ಕುಗಳ ಹಸಿವು ಎಲ್ಲವೂ ಅದನ್ನು ನಿರ್ಧರಿಸುತ್ತವೆ. ಆದರೂ ದಡದಲ್ಲಿ ಒಂದು ಹೆಣ ಕಂಡರೆ ‘ಒಂದು ಸತ್ತಿತು’ ಎಂದು ಬರೆಯುವುದಕ್ಕೆ ನನ್ನ ಪೆನ್ನು ಒಪ್ಪುವುದಿಲ್ಲ.

ಸಿಕ್ಕ ಹೆಣವೂ ಒಮ್ಮೊಮ್ಮೆ ಬಾಯಿ ಬಿಡುತ್ತದೆ. ಮೂತಿಯ ಸುತ್ತ ಮತ್ತು ರೆಕ್ಕೆಯ ಮುಂದಿನ ಅಂಚಿನಲ್ಲಿ ದಾರ ಕೊರೆದ ಸಣ್ಣ ಗೆರೆಗಳು, ಹೊಟ್ಟೆಯಲ್ಲಿ ಅರಗದ ಮೀನು, ಶ್ವಾಸನಾಳದಲ್ಲಿ ನೊರೆ ಇದ್ದರೆ ಬಲೆಗೆ ಬಿದ್ದ ಆರೋಗ್ಯವಂತ ಪ್ರಾಣಿ ಎಂದು ಊಹಿಸಬಹುದು. ಬಾಲವನ್ನು ಚಾಕುವಿನಿಂದ ನೇರ ಕತ್ತರಿಸಿದ್ದರೆ ಊಹೆಯೂ ಬೇಡ, ಬಲೆ ಉಳಿಸಿಕೊಳ್ಳಲು ಯಾರೋ ಬಿಡಿಸಿ ಎಸೆದದ್ದು. ಮೀನುಗಾರರನ್ನು ಇದಕ್ಕೆ ಖಳರನ್ನಾಗಿ ಮಾಡುವವರ ಜೊತೆ ನನಗೆ ತಕರಾರಿದೆ. ಡಾಲ್ಫಿನ್ ಬಿದ್ದರೆ ಬಲೆ ಹರಿದು ಅವರಿಗೂ ನಷ್ಟವೇ. ಅವರನ್ನು ‘ನಿಮ್ಮ ಬಲೆಗೆ ಡಾಲ್ಫಿನ್ ಬೀಳುತ್ತದೆಯೇ?’ ಎಂದು ಕೇಳಿದರೆ ‘ಇಲ್ಲ ಸಾರ್’ ಎಂಬ ಒಂದೇ ಉತ್ತರ, ಅದೂ ಕಣ್ಣು ತಪ್ಪಿಸಿ. ‘ಹೋದ ಸೀಸನ್ನಿನಲ್ಲಿ ಬಲೆ ಎಷ್ಟು ಸಲ ರಿಪೇರಿ ಮಾಡಿಸಿದಿರಿ?’ ಎಂದು ಕೇಳಿ ನೋಡಿ. ಯಾವ ಆಳದಲ್ಲಿ, ಯಾವ ಹೊತ್ತಿನಲ್ಲಿ, ಎಂಥದ್ದು ಸುತ್ತಿಕೊಂಡಿತ್ತು ಎಂದು ಅವರೇ ಬಿಡಿಸಿ ಹೇಳುತ್ತಾರೆ. ಪರಿಹಾರವೂ ಅಂಥ ಮಾತಿನಿಂದಲೇ ಶುರುವಾಗುತ್ತದೆ. ಅಮೆರಿಕದ ಮೇನ್ ಕೊಲ್ಲಿಯಲ್ಲಿ ಬಲೆಗೆ ಸದ್ದು ಮಾಡುವ ಪಿಂಗರ್ ಕಟ್ಟಿ ನೋಡಿದ ಪ್ರಯೋಗದಲ್ಲಿ, ಮೂಕ ಬಲೆಗಳಿಗೆ 25 ಪೋರ್ಪಸ್ ಬಿದ್ದರೆ ಸದ್ದಿನ ಬಲೆಗಳಿಗೆ ಬಿದ್ದದ್ದು 2. ಆದರೆ ಅದೇ ಸದ್ದು ಕಡಲಸಿಂಹಗಳಿಗೆ ಊಟದ ಕರೆಯಾಗುವುದೂ ಉಂಟು.

ಹಡಗು ಬಡಿದು ಸಾಯುವುದರ ಲೆಕ್ಕ ಸರಳ. 15 ನಾಟ್ ವೇಗದಲ್ಲಿ ಬಡಿದರೆ ದೊಡ್ಡ ತಿಮಿಂಗಿಲ ಸಾಯುವ ಸಾಧ್ಯತೆ ಸುಮಾರು 79 ಶೇಕಡಾ, 8.6 ನಾಟ್‌ನಲ್ಲಿ 21. ವೇಗ ಇಳಿಸಿದರೆ ಸಾಕು. ಸದ್ದಿನ ಹಾನಿ ಅಷ್ಟು ಸುಲಭಕ್ಕೆ ಕಾಣುವುದಿಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಕೆನಡಾದ ಫಂಡಿ ಕೊಲ್ಲಿಯಲ್ಲಿ ಕೆಲವು ದಿನ ಹಡಗುಗಳ ಓಡಾಟ ಇಳಿದು, ನೀರಿನಡಿಯ ಸದ್ದು 6 ಡೆಸಿಬೆಲ್ ತಗ್ಗಿತ್ತು. ಆ ದಿನಗಳಲ್ಲಿ ಬೇರೆ ಕಾರಣಕ್ಕೆ ಸಂಗ್ರಹಿಸಿದ್ದ ರೈಟ್ ಎಂಬ ಜಾತಿಯ ತಿಮಿಂಗಿಲಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನು ಕಡಿಮೆಯಿತ್ತು. ಸದ್ದಿನಿಂದ ಅವಕ್ಕೆ ಏನಾಗುತ್ತದೆ ಎಂದು ತಿಳಿಯಲು ಸದ್ದು ನಿಲ್ಲಬೇಕಾಯಿತು.

ಇವೆಲ್ಲ ಒಂದೇ ದೇಹದಲ್ಲಿ ಸೇರಿಕೊಂಡಾಗ ನಮ್ಮ ನಮೂನೆಗಳು ಸೋಲುತ್ತವೆ. 2016ರ ಜನವರಿಯಲ್ಲಿ ಸ್ಕಾಟ್ಲೆಂಡಿನ ಟೈರೀ ದ್ವೀಪದ ದಡದಲ್ಲಿ ಲೂಲು ಎಂದು ಗುರುತಿಸಲಾಗಿದ್ದ ಓರ್ಕಾ (ಕೊಲೆಗಾರ ತಿಮಿಂಗಿಲ) ಸತ್ತು ಬಿದ್ದಿತ್ತು. ಮೀನುಗಾರಿಕೆಯ ಹಗ್ಗ ಸುತ್ತಿಕೊಂಡು ಸತ್ತ ಗುರುತುಗಳು ಸ್ಪಷ್ಟವಾಗಿದ್ದವು. ಪ್ರಯೋಗಾಲಯದ ವರದಿ ಬಂದಾಗ ಅದರ ಕೊಬ್ಬಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ವಿಷ ಕಿಲೋಗೆ 957 ಮಿಲಿಗ್ರಾಂ. ಹಾನಿಯ ಮಿತಿ ಎಂದು ಎಣಿಸುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹಾಲೂಡುವ ತಾಯಿಯಿಂದ ಈ ವಿಷದ ದೊಡ್ಡ ಪಾಲು ಮರಿಗೆ ಇಳಿದುಹೋಗುತ್ತದೆ. ಪ್ರೌಢ ಹೆಣ್ಣಾಗಿದ್ದರೂ ಲೂಲು ಒಂದು ಮರಿಯನ್ನೂ ಹಾಕಿರಲಿಲ್ಲ ಎಂದು ಅಂಡಾಶಯದ ಪರೀಕ್ಷೆ ಹೇಳಿತು. ನಮ್ಮ ಮರಣ ನಮೂನೆಯಲ್ಲಿ ಕಾರಣಕ್ಕೆ ಇರುವುದು ಒಂದೇ ಸಾಲು. ಅಲ್ಲಿ ‘ಹಗ್ಗ’ ಎಂದು ಬರೆಯಬಹುದು. ಹುಟ್ಟದೇ ಹೋದ ಮರಿಗಳಿಗೆ ಅದರಲ್ಲಿ ಕಾಲಂ ಇಲ್ಲ.