ಆಯ್ಕೆ ಕೊಡದೆ ‘ನೀವೇ ಬರೆಯಿರಿ’ ಅನ್ನೋ ಪ್ರಶ್ನೆ ಅನ್ಯಾಯವಾ?

ಪ್ರಶ್ನೆ: ನಾನು ಕಲಬುರಗಿಯವನು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ನೆಟ್‌ವರ್ಕಿಂಗ್ ಕಲಿಯುತ್ತಿದ್ದೇನೆ. ನಾಲ್ಕು ಆಯ್ಕೆ ಕೊಟ್ಟರೆ ಸರಿ ಉತ್ತರ ಗುರುತಿಸುತ್ತೇನೆ. ‘ಕಾರಣ ಬರೆಯಿರಿ’ ಅಂದರೆ ಕೈ ನಿಂತುಬಿಡುತ್ತದೆ. ಸರ್ಟಿಫಿಕೇಶನ್ ಪರೀಕ್ಷೆಯಲ್ಲಿ ಇಂಥ ಪ್ರಶ್ನೆ ಇಡೋದು ನ್ಯಾಯವಾ?

ಉತ್ತರ: ಈ ಪ್ರಶ್ನೆ ನನ್ನ ಹತ್ತಿರ ಆಗಾಗ ಬರುತ್ತದೆ. ಕಲಬುರಗಿಯ ಹುಡುಗರೂ ಕೇಳುತ್ತಾರೆ, ಸೇಡಂ, ಆಳಂದದಿಂದ ದಿನಾ ಬಸ್ಸಿನಲ್ಲಿ ಬಂದು ಕಲಿಯುವವರೂ ಕೇಳುತ್ತಾರೆ. ಮೊದಲು ನಿಮ್ಮ ಭಯ ಸ್ವಲ್ಪ ಇಳಿಸುತ್ತೇನೆ. ನೀವು ಸಿಸಿಎನ್‌ಎಗೆ (ನೆಟ್‌ವರ್ಕ್ ಸಲಕರಣೆ ಮಾಡುವ ಸಿಸ್ಕೋ ಕಂಪನಿಯ ಪರೀಕ್ಷೆ) ಓದುತ್ತಿದ್ದರೆ ಅಲ್ಲಿ ಕಾರಣ ಬರೆಯುವ ಪ್ರಶ್ನೆ ಇಲ್ಲ. 120 ನಿಮಿಷದ ಪರೀಕ್ಷೆ. ಆಯ್ಕೆ ಮಾಡುವುದು, ಎಳೆದು ಜೋಡಿಸುವುದು, ಕಮಾಂಡ್ ಕೊಟ್ಟು ಮಾಡಿ ತೋರಿಸುವುದು, ಅಷ್ಟೇ. ಒಮ್ಮೆ ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಬರೋಕಾಗಲ್ಲ, ಅದೊಂದು ನೆನಪಿರಲಿ. ‘ನೀವೇ ಹೇಳಿ’ ಅನ್ನೋ ಪ್ರಶ್ನೆ ಜಾಸ್ತಿ ಸಿಗೋದು ಕೆಲಸದ ಇಂಟರ್‌ವ್ಯೂನಲ್ಲಿ, ಕಂಪನಿಗಳ ಲಿಖಿತ ಪರೀಕ್ಷೆಯಲ್ಲಿ.

ಆದರೆ ದೊಡ್ಡ ಪರೀಕ್ಷೆಯಲ್ಲೂ ಇದನ್ನು ಒಮ್ಮೆ ಮಾಡಿ ನೋಡಿದ್ದಾರೆ. ಸಿಸ್ಕೋದ ಸಿಸಿಐಇ ಅಂದರೆ ತಜ್ಞರ ಮಟ್ಟದ ಸರ್ಟಿಫಿಕೇಶನ್, ಅದರ ಕೊನೆಯ ಹಂತ ಎಂಟು ಗಂಟೆಯ ಲ್ಯಾಬ್, ಅಂದರೆ ಮಾಡಿ ತೋರಿಸುವ ಪರೀಕ್ಷೆ. 2009ರಲ್ಲಿ ಅದರ ರೂಟಿಂಗ್ ಅಂಡ್ ಸ್ವಿಚಿಂಗ್ ವಿಭಾಗದಲ್ಲಿ ಲ್ಯಾಬ್ ಶುರುವಾಗುವ ಮೊದಲು ನಾಲ್ಕು ಚಿಕ್ಕ ಪ್ರಶ್ನೆ ಸೇರಿಸಿದರು. ಆಯ್ಕೆಗಳಿಲ್ಲ, ನಾವೇ ಟೈಪ್ ಮಾಡಬೇಕು. ಸೋರಿಕೆಯಾದ ಲ್ಯಾಬ್ ಪ್ರಶ್ನೆಗಳನ್ನು ಬಾಯಿಪಾಠ ಮಾಡಿ ಬರುವವರನ್ನು ಅಲ್ಲೇ ತಡೆಯೋದು ಉದ್ದೇಶ. ಉದ್ದೇಶ ಸರಿಯಾಗಿಯೇ ಇತ್ತು. ಆದರೆ ಆ ಭಾಗ ಪಾಸಾಗದಿದ್ದರೆ ಲ್ಯಾಬ್ ಎಷ್ಟು ಚೆನ್ನಾಗಿ ಮಾಡಿದರೂ ಫೇಲ್. ದೊಡ್ಡ ಗಲಾಟೆಯೇ ಆಯಿತು. 2010ರಲ್ಲಿ ಆ ಪ್ರಶ್ನೆಗಳನ್ನು ತೆಗೆದರು.

ಆ ಗಲಾಟೆಯಲ್ಲಿ ನ್ಯಾಯ ಇತ್ತು ಅಂತ ನಾನು ನಂಬುತ್ತೇನೆ. ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ವಿಷಯದ 90 ಪಾಲು ಚೆನ್ನಾಗಿ ಗೊತ್ತು, ಇನ್ನು 10 ಪಾಲು ಗೊತ್ತಿಲ್ಲ ಅಂತ ಇಟ್ಟುಕೊಳ್ಳಿ. ನಾಲ್ಕರಲ್ಲಿ ಮೂರಾದರೂ ಸರಿ ಇರಬೇಕು ಅಂದರೆ, ಇಷ್ಟೇ ಬಲ್ಲ 100 ಜನರಲ್ಲಿ ಸುಮಾರು 5 ಜನ ಫೇಲಾಗುತ್ತಾರೆ. ಗೊತ್ತಿಲ್ಲದ ಮೂಲೆಯಿಂದಲೇ ಎರಡು ಪ್ರಶ್ನೆ ಬಿದ್ದವು, ಅಷ್ಟೇ ಕಾರಣ. ಅದೇ 40 ಪ್ರಶ್ನೆ ಕೇಳಿ 30 ಸರಿ ಇರಬೇಕು ಅಂದರೆ, ಹಾಗೆ ಬೀಳುವವರು ಸಾವಿರಕ್ಕೆ ಒಬ್ಬಿಬ್ಬರು. ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಸಾಲ ಮಾಡಿ ಫೀಸು ಕಟ್ಟಿ ಕೂತವನಿಗೆ ಆ ನೂರಕ್ಕೆ ಐದು ಸಣ್ಣದಲ್ಲ.

ಅಂದರೆ ಆಯ್ಕೆ ಕೊಡದಿರೋದೇ ಅನ್ಯಾಯ ಅಲ್ಲ. ತೀರಾ ಕಡಿಮೆ ಪ್ರಶ್ನೆ ಕೇಳಿ ಅದರ ಮೇಲೆ ಇಡೀ ತೀರ್ಪು ನಿಲ್ಲಿಸೋದು ಅನ್ಯಾಯ. ಇನ್ನೊಂದು ಅನ್ಯಾಯ, ಹತ್ತು ಸರಿ ಉತ್ತರ ಇರುವ ಪ್ರಶ್ನೆ ಕೇಳಿ ಒಂದಕ್ಕೆ ಮಾತ್ರ ಅಂಕ ಕೊಡೋದು.

ಈ ಎರಡನೆಯದು ನನಗೇ ಆಗಿದೆ. ಬಹಳ ಹಿಂದೆ ಒಂದು ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ‘ಡಿಎನ್‌ಎಸ್ ಯಾವ ಪ್ರೋಟೋಕಾಲ್ ಬಳಸುತ್ತದೆ?’ ಅಂತ ಕೇಳಿದ್ದರು. ನಾನು ‘ಯುಡಿಪಿ, ಟಿಸಿಪಿ ಎರಡೂ, ಪೋರ್ಟ್ 53’ ಅಂತ ಬರೆದೆ. ಡಿಎನ್‌ಎಸ್ ಅಂದರೆ ವೆಬ್‌ಸೈಟ್ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಯುಡಿಪಿ, ಟಿಸಿಪಿ ಅಂದರೆ ಡೇಟಾ ಸಾಗಿಸುವ ಎರಡು ವಿಧಾನ. ಸಾಮಾನ್ಯ ವಿಚಾರಣೆಗೆ ಯುಡಿಪಿ ಸಾಕು. ಉತ್ತರ ದೊಡ್ಡದಾದರೆ, ಝೋನ್ ಟ್ರಾನ್ಸ್‌ಫರ್ (ಹೆಸರುಗಳ ಇಡೀ ಪಟ್ಟಿಯನ್ನು ಇನ್ನೊಂದು ಸರ್ವರ್‌ಗೆ ಕಳಿಸೋದು) ಆದರೆ ಟಿಸಿಪಿ ಬೇಕು. ಆಮೇಲೆ ಇಂಟರ್‌ವ್ಯೂನಲ್ಲಿ ನನ್ನ ಹಾಳೆ ಮೇಜಿನ ಮೇಲಿತ್ತು. ಆ ಉತ್ತರದ ಪಕ್ಕ ಕೆಂಪು ಗೆರೆ. ಅವರ ಉತ್ತರಪಟ್ಟಿಯಲ್ಲಿ ‘ಯುಡಿಪಿ’ ಅಂತಷ್ಟೇ ಇತ್ತಂತೆ. ಜಾಸ್ತಿ ಗೊತ್ತಿದ್ದವನಿಗೇ ಪೆಟ್ಟು. ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ? ಓಎಸ್‌ಪಿಎಫ್ ಉದಾಹರಣೆ ತಗೊಳ್ಳಿ. ಅದು ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್. ಮೊದಲು ‘ಹಲೋ’ ಅನ್ನೋ ಸಣ್ಣ ಪ್ಯಾಕೆಟ್ ಕಳಿಸಿ ಪರಿಚಯ ಮಾಡಿಕೊಳ್ಳುತ್ತವೆ. ‘ಎರಡು ರೂಟರ್ ನಡುವೆ ಓಎಸ್‌ಪಿಎಫ್ ಸಂಬಂಧ ಕೂಡುತ್ತಿಲ್ಲ, ಕಾರಣವೇನು?’ ಅಂತ ಕೇಳಿದರೆ ಅದು ಕೆಟ್ಟ ಪ್ರಶ್ನೆ. ಎರಡರ ಸೆಟ್ಟಿಂಗ್‌ನಲ್ಲಿ ಏರಿಯಾ ಬೇರೆ ಇರಬಹುದು, ಹಲೋ ಟೈಮರ್ ಬೇರೆ ಇರಬಹುದು, ಸಬ್‌ನೆಟ್ ಮಾಸ್ಕ್ ತಪ್ಪಿರಬಹುದು, ಪಾಸ್‌ವರ್ಡ್ ಹೊಂದದೆ ಇರಬಹುದು. ಏನು ಬರೆದರೂ ಸರಿಯೇ. ಅದನ್ನೇ ಹೀಗೆ ಕೇಳಲಿ: ‘ಪಿಂಗ್ ಹೋಗುತ್ತಿದೆ, ಹಲೋ ಎರಡೂ ಕಡೆ ಮುಟ್ಟುತ್ತಿದೆ, ಆದರೆ ಎಕ್ಸ್‌ಸ್ಟಾರ್ಟ್ ಹಂತದಲ್ಲೇ ನಿಂತಿದೆ. ಮೊದಲು ಏನು ನೋಡುತ್ತೀರಿ, ಯಾಕೆ?’ ಪಿಂಗ್ ಅಂದರೆ ಸಂಪರ್ಕ ಇದೆಯಾ ಅಂತ ನೋಡುವ ಪರೀಕ್ಷೆ, ಎಕ್ಸ್‌ಸ್ಟಾರ್ಟ್ ಅಂದರೆ ಹಲೋ ಆದ ಮೇಲೆ ಮಾಹಿತಿ ವಿನಿಮಯ ಶುರುವಾಗುವ ಹಂತ. ಈಗ ದಾರಿ ಕಿರಿದಾಯಿತು. ಮೊದಲು ನೋಡಬೇಕಾದದ್ದು ಎರಡೂ ಕಡೆಯ ಎಂಟಿಯು, ಅಂದರೆ ಒಮ್ಮೆಗೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಅಳತೆ. ಗೊತ್ತಿದ್ದವನು ಎರಡು ಸಾಲಿನಲ್ಲಿ ಹೇಳುತ್ತಾನೆ, ಬಾಯಿಪಾಠದವನು ತಡಕಾಡುತ್ತಾನೆ.

ಇನ್ನು ನಿಮ್ಮ ಕಷ್ಟ. ಆಯ್ಕೆ ಕಣ್ಣ ಮುಂದಿದ್ದರೆ ಗುರುತು ಹಿಡಿದರೆ ಸಾಕು. ಆಯ್ಕೆ ಇಲ್ಲದಾಗ ನಾವೇ ನೆನಪಿನಿಂದ ಎಬ್ಬಿಸಿ ತರಬೇಕು. ಇವೆರಡೂ ಬೇರೆ ಬೇರೆ ಕೆಲಸ. ನಮ್ಮವರಿಗೆ ಮೂರನೇ ಭಾರವೂ ಇದೆ, ಇಂಗ್ಲಿಷ್. ಮೂರೂ ಒಟ್ಟಿಗೆ ಹೊತ್ತರೆ ಕೈ ನಿಲ್ಲದೆ ಏನು ಮಾಡುತ್ತದೆ? ಒಂದೊಂದೇ ಭಾರ ಬೇರೆ ಮಾಡಿ.

ಕಳೆದ ಮಳೆಗಾಲದಲ್ಲಿ ನನ್ನ ಹತ್ತಿರ ಕಲಿಯುತ್ತಿದ್ದ ಹುಡುಗನ ಮುಂದೆ ಎರಡು ರೂಟರ್ ಇಟ್ಟಿದ್ದೆ. ಒಂದು ಕಡೆ ಎಂಟಿಯು 1500, ಇನ್ನೊಂದು ಕಡೆ 1400. ಪರದೆ ಮೇಲೆ ಎಕ್ಸ್‌ಸ್ಟಾರ್ಟ್, ಎಕ್ಸ್‌ಸ್ಟಾರ್ಟ್. ಅವನು ಐದು ನಿಮಿಷದಲ್ಲಿ ಸರಿ ಮಾಡಿದ. ಕಾರಣ ಬರಿ ಅಂದೆ. ಪೆನ್ನು ಹಿಡಿದು ಕೂತ. “ಸರ್, ನನಗ ಗೊತ್ತದರಿ, ಬರೀಲಿಕ್ಕ ಬರವಲ್ದು.” ಪೆನ್ನು ಇಡು, ನಿಮ್ಮ ಅವ್ವನಿಗೆ ಹೇಳಿದ ಹಾಗೆ ಹೇಳು ಅಂದೆ.

“ಹಲೋ ಸಣ್ಣದರಿ, ಹೋಗಿ ಬರ್ತದ. ಆಮ್ಯಾಲ ಅವನು ತನ್ನ ಅಳತಿ ಬರದು ಕಳಿಸ್ತಾನ. ಇವನು ನೋಡ್ತಾನ. ಇಷ್ಟು ದೊಡ್ಡದು ನನ್ನ ಕೈಲಿ ಆಗಂಗಿಲ್ಲ ಅಂತ ಬಿಟ್ಟುಬಿಡ್ತಾನ.”

ಪೂರ್ತಿ ಸರಿಯಾದ ಉತ್ತರ! ಹಲೋ ನಂತರ ಹೋಗುವ ಡೇಟಾಬೇಸ್ ಡಿಸ್ಕ್ರಿಪ್ಷನ್ (ಡಿಬಿಡಿ) ಪ್ಯಾಕೆಟ್‌ನಲ್ಲಿ ಕಳಿಸುವವನ ಎಂಟಿಯು ಬರೆದಿರುತ್ತದೆ. ಅದು ತನ್ನದಕ್ಕಿಂತ ದೊಡ್ಡದಿದ್ದರೆ ರೂಟರ್ ಆ ಪ್ಯಾಕೆಟ್ ತಳ್ಳಿಹಾಕುತ್ತದೆ. ಆ ಮೇಲೆ ಅದನ್ನು ಇಂಗ್ಲಿಷ್‌ಗೆ ಇಳಿಸೋದು ಏಳೆಂಟು ಪದದ ಕೆಲಸ: ‘ಎಂಟಿಯು ಮಿಸ್‌ಮ್ಯಾಚ್, ಸೋ ಡಿಬಿಡಿ ಪ್ಯಾಕೆಟ್ ಈಸ್ ರಿಜೆಕ್ಟೆಡ್.’ ವ್ಯಾಕರಣ ನೋಡಿ ಅಂಕ ಕಳೆಯುವವರು ಇದ್ದರೆ ಅದು ಅವರ ತಪ್ಪು.

ಹೀಗೇ ದಿನಕ್ಕೊಂದು ಮಾಡಿ. ಲ್ಯಾಬ್ ಮುಗಿದ ಮೇಲೆ ಫೋನ್‌ನಲ್ಲಿ ಕನ್ನಡದಲ್ಲೇ ರೆಕಾರ್ಡ್ ಮಾಡಿ: ಏನಾಯಿತು, ಯಾಕಾಯಿತು, ಯಾವ ಕಮಾಂಡ್‌ನಿಂದ ಗೊತ್ತಾಯಿತು. ಆಮೇಲೆ ಒಂದೇ ಸಾಲು ಇಂಗ್ಲಿಷ್. ಉದ್ದ ಬರೆಯಬೇಡಿ. ಸರಿ ಉತ್ತರದ ಪಕ್ಕ ಸುಮ್ನೆ ಸೇರಿಸಿದ ಒಂದು ತಪ್ಪು ಮಾತು ಇಡೀ ಉತ್ತರವನ್ನು ಕೆಡಿಸುತ್ತದೆ.

ಪ್ರಶ್ನೆಯೇ ಅಡ್ಡಾದಿಡ್ಡಿ ಇದ್ದರೆ? ಇಂಟರ್‌ವ್ಯೂ ಆದರೆ ಧೈರ್ಯವಾಗಿ ವಾಪಸ್ ಕೇಳಿ: ‘ಪಿಂಗ್ ಹೋಗುತ್ತಿದೆಯಾ ಸರ್?’ ಸಿಸಿಐಇ ಲ್ಯಾಬ್‌ನಲ್ಲೂ ಪ್ರಶ್ನೆಯ ಅರ್ಥ ತಿಳಿಯದಿದ್ದರೆ ಪ್ರಾಕ್ಟರ್ (ಪರೀಕ್ಷೆಯ ಮೇಲ್ವಿಚಾರಕ) ಅವರನ್ನು ಕೇಳಬಹುದು. ಬರೆಯುವ ಪರೀಕ್ಷೆಯಾದರೆ, ‘ಪಿಂಗ್ ಹೋಗುತ್ತಿದೆ ಅಂತ ಇಟ್ಟುಕೊಂಡರೆ’ ಅಂತ ಮೊದಲ ಸಾಲಿನಲ್ಲೇ ಹೇಳಿ, ಆಮೇಲೆ ಉತ್ತರ ಬರೆಯಿರಿ.